ಮಕ್ಕಳೂ ಪ್ರಾಣಿಯೂ ಇರುವ ಚಿತ್ರವನ್ನು ಓದುವುದು ಹೇಗೆ?

ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ಎಂಟ್ಹತ್ತು ಮಕ್ಕಳು ಸೇರುತ್ತಾರೆ. ಚಿತ್ರ ಬಿಡಿಸುವುದನ್ನು ಹೇಳಿಕೊಡುತ್ತೇನೆ. ಬಿಸಿಲು ಜಾಸ್ತಿಯಾಗಿ ಕೈ ಬೆವರತೊಡಗಿದರೆ ಬಣ್ಣ ಮುಚ್ಚಿಟ್ಟು ಸುಮ್ನೆ ಚಿತ್ರ ನೋಡುತ್ತೇವೆ. ಹಾಗೆ ಒಂದು ದಿನ ಲ್ಯಾಪ್‌ಟಾಪಿನಲ್ಲಿ ಒಂದು ಹಳೇ ಡಚ್ ಚಿತ್ರ ತೋರಿಸಿದೆ. ಒಬ್ಬ ಹುಡುಗ, ಒಬ್ಬಳು ಹುಡುಗಿ, ನಡುವೆ ಒಂದು ಬೆಕ್ಕಿನ ಮರಿ. ‘ಏನು ನಡೆದಿದೆ ಇಲ್ಲಿ?’ ಎಂದು ಕೇಳಿದೆ. ‘ಆಟ’ ಅಂದರು ಒಬ್ಬರು. ‘ತಮಾಷೆ’ ಅಂದರು ಇನ್ನೊಬ್ಬರು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಪರದೆಯ ಹತ್ತಿರ ಮುಖ ತಂದು ಹೇಳಿದಳು: ‘ಹುಡ್ಗ ನಗ್ಲಾಕತ್ತಾನ್ರಿ ಸರ. ಬೆಕ್ಕು ಮಾತ್ರ ನಗವಲ್ದು.’

ಆ ಚಿತ್ರವನ್ನು ನಾನು ಎಷ್ಟೋ ವರ್ಷದಿಂದ ನೋಡಿದ್ದೆ, ಅದರ ಬಗ್ಗೆ ಓದಿಯೂ ಇದ್ದೆ. ಆದರೆ ಬೆಕ್ಕಿನ ಮುಖವನ್ನು ಅಷ್ಟು ಗಮನ ಕೊಟ್ಟು ನೋಡಿರಲಿಲ್ಲ. ನಾನು ಕಲಿತದ್ದು ಪಟ್ಟಿಯಿಂದ. ನಾಯಿ ಅಂದರೆ ನಿಷ್ಠೆ, ಬೆಕ್ಕು ಅಂದರೆ ಕಳ್ಳತನ, ಹಕ್ಕಿ ಅಂದರೆ ಆತ್ಮ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಚಿತ್ರ ನೋಡುವುದಕ್ಕೆ ಸಾಕಾಗುವುದಿಲ್ಲ. ಅವತ್ತಿನಿಂದ ಇಂಥ ಚಿತ್ರಗಳನ್ನು ಪ್ರಾಣಿಯ ಕಡೆಯಿಂದ ಓದಲು ಶುರು ಮಾಡಿದೆ. ಮಕ್ಕಳ ಜೊತೆ ಮಾಡುತ್ತ ಮಾಡುತ್ತ ಅದಕ್ಕೊಂದು ಕ್ರಮ ಬಂತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚಿತ್ರಕಲೆ ಓದುವ ವಿದ್ಯಾರ್ಥಿಗಳಿಗೂ ಉಪಯೋಗವಾಗುತ್ತದೆ, ಮನೆಯಲ್ಲಿ ಮಕ್ಕಳ ಜೊತೆ ಕೂತು ನೋಡುವ ತಂದೆತಾಯಿಗೂ ಆಗುತ್ತದೆ.

ಮೊದಲು, ಇದು ಯಾವ ಜಾತಿಯ ಚಿತ್ರ?

ದೇವರಲ್ಲ, ರಾಜನಲ್ಲ, ಯುದ್ಧವಲ್ಲ. ಹೆಸರಿಲ್ಲದ ಜನ ದಿನಾ ಮಾಡುವ ಕೆಲಸ ಮಾಡುತ್ತಿರುವುದನ್ನು ಬರೆದರೆ ಅದಕ್ಕೆ ‘ಜಾನರ್ ಪೇಂಟಿಂಗ್’ ಅನ್ನುತ್ತಾರೆ. ನಿತ್ಯಜೀವನದ ಚಿತ್ರ ಅನ್ನೋಣ. ಇಲ್ಲಿ ಗಮನಿಸಬೇಕಾದದ್ದು ‘ಹೆಸರಿಲ್ಲದ’ ಅನ್ನುವ ಮಾತು. ಸ್ಪೇನಿನ ಗೋಯಾ 1787–88ರ ಹೊತ್ತಿಗೆ ಕೆಂಪು ಉಡುಪಿನ ಒಬ್ಬ ಪುಟ್ಟ ಹುಡುಗನನ್ನು ಬರೆದ. ಹುಡುಗನ ಕೈಯಲ್ಲಿ ದಾರ ಕಟ್ಟಿದ ಒಂದು ಹಕ್ಕಿ, ಅದನ್ನೇ ದಿಟ್ಟಿಸುವ ಬೆಕ್ಕುಗಳು. ಮಗುವೂ ಇದೆ, ಪ್ರಾಣಿಯೂ ಇದೆ. ಆದರೂ ಅದು ಜಾನರ್ ಅಲ್ಲ. ಆ ಹುಡುಗನಿಗೆ ಹೆಸರಿದೆ, ಮನೆತನವಿದೆ, ಚಿತ್ರ ಬರೆಸಿದವರು ಅವನ ಮನೆಯವರು. ಅದು ಭಾವಚಿತ್ರ.

ನಮ್ಮ ಕಡೆಯ ಉದಾಹರಣೆ ಬೇಕು ಅಂದರೆ ಕ್ಯಾಲೆಂಡರ್ ನೋಡಿ. ಕರುವನ್ನು ತಬ್ಬಿಕೊಂಡ ಬಾಲಕೃಷ್ಣ. ಅದೂ ಮಗು ಮತ್ತು ಪ್ರಾಣಿಯೇ. ಆದರೆ ನವಿಲುಗರಿ ಇದೆ, ತಲೆಯ ಹಿಂದೆ ಬೆಳಕಿನ ವೃತ್ತ ಇದೆ. ಕಥೆ ನಮಗೆ ಮೊದಲೇ ಗೊತ್ತು. ಅದು ಪುರಾಣದ ಚಿತ್ರ. ಇಂಥ ಪುರಾಣದ ಚಿತ್ರಗಳಿಗೂ ಸಿನಿಮಾ ಪೋಸ್ಟರುಗಳಿಗೂ ದೇಶಕ್ಕೆಲ್ಲ ಹೆಸರಾದ ಎಸ್.ಎಂ. ಪಂಡಿತ್ ಹುಟ್ಟಿದ್ದು 1916ರಲ್ಲಿ, ನಮ್ಮ ಕಲಬುರಗಿಯಲ್ಲೇ. ಹಾಗಾಗಿ ಈ ಊರಿನವರ ಕಣ್ಣಿಗೆ ಪುರಾಣದ ಚಿತ್ರ ಚೆನ್ನಾಗಿ ಪರಿಚಯ. ಜಾನರ್ ಚಿತ್ರವನ್ನು ಬೇರೆ ಥರ ನೋಡಬೇಕು. ಇಲ್ಲಿ ಕಥೆ ಮೊದಲೇ ಗೊತ್ತಿರುವುದಿಲ್ಲ. ಚಿತ್ರದೊಳಗಿಂದಲೇ ಹುಡುಕಿ ತೆಗೆಯಬೇಕು.

ಒಂದೇ ಚಿತ್ರ ಆರಿಸಿ, ಅದರ ಅಳತೆ ನೆಲದ ಮೇಲೆ ಬರೆಯಿರಿ

ನಾನು ಶುರು ಮಾಡುವುದು ಯಾವಾಗಲೂ ಆ ಹುಡುಗಿ ನೋಡಿದ ಚಿತ್ರದಿಂದಲೇ. ಜೂಡಿತ್ ಲೇಸ್ಟರ್ ಎಂಬ ಡಚ್ ಕಲಾವಿದೆ ಸುಮಾರು 1635ರಲ್ಲಿ ಬರೆದದ್ದು. ‘ಬೆಕ್ಕು ಮತ್ತು ಹಾವುಮೀನಿನ ಜೊತೆ ಹುಡುಗ, ಹುಡುಗಿ’ ಎಂದು ಅದರ ಹೆಸರು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಗ್ಯಾಲರಿಯ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ನೋಡಬಹುದು, ಜೂಮ್ ಮಾಡಬಹುದು. ಫೋನಿಗಿಂತ ದೊಡ್ಡ ಪರದೆ ಸಿಕ್ಕರೆ ಒಳ್ಳೆಯದು.

ಪರದೆಯ ಒಂದು ತೊಂದರೆ ಅಂದರೆ ಎಲ್ಲ ಚಿತ್ರವೂ ಒಂದೇ ಅಳತೆಯಾಗಿ ಕಾಣುತ್ತದೆ. ಗೋಡೆ ತುಂಬುವ ಚಿತ್ರವೂ ಅಂಗೈಯಷ್ಟಿನ ಚಿತ್ರವೂ ಅಲ್ಲಿ ಒಂದೇ. ಅದಕ್ಕೆ ನಮ್ಮ ಮನೆಯಲ್ಲೇ ಉಪಾಯ ಇದೆ. ಲೇಸ್ಟರ್ ಚಿತ್ರದ ಎತ್ತರ ಸುಮಾರು 59 ಸೆಂಟಿಮೀಟರ್, ಅಗಲ ಸುಮಾರು 49. ನಮ್ಮ ನೆಲದ ಶಹಾಬಾದ್ ಕಲ್ಲು ಎರಡಡಿಗೆ ಎರಡಡಿ, ಅಂದರೆ 60 ಸೆಂಟಿಮೀಟರಿನ ಚೌಕ. ಒಂದೇ ಕಲ್ಲಿನೊಳಗೆ ಇಡೀ ಚಿತ್ರ ಕೂರುತ್ತದೆ, ಪಕ್ಕದಲ್ಲಿ ಒಂದು ಗೇಣಿಗೂ ಕಡಿಮೆ ಜಾಗ ಉಳಿಯುತ್ತದೆ! ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಒಳಗೆ ಎರಡು ತಲೆ ಗುರುತು ಮಾಡಿ. ಇದು ಅರಮನೆಯ ಗೋಡೆಗೆ ಬರೆದದ್ದಲ್ಲ, ಮನೆಯ ಕೋಣೆಗೆ ಬರೆದದ್ದು ಎಂದು ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ನೋಡುವವರು ಹತ್ತಿರ ಬಂದು ನಿಲ್ಲಬೇಕು. ಚಿತ್ರದ ಮಕ್ಕಳು ಎದುರು ಮನೆಯ ಕಟ್ಟೆಯ ಮೇಲೆ ಕೂತ ಮಕ್ಕಳಷ್ಟೇ ಹತ್ತಿರ.

ಎರಡು ನಿಮಿಷ ಸುಮ್ಮನಿರಿ, ಆಮೇಲೆ ಹತ್ತು ವಾಕ್ಯ

ಮಾತಾಡದೆ ಎರಡು ನಿಮಿಷ ನೋಡುವುದು ಕಷ್ಟ. ದೊಡ್ಡವರಿಗೇ ಜಾಸ್ತಿ ಕಷ್ಟ. ಫೋನ್ ದೂರ ಇಟ್ಟು ನೋಡಿ.

ಆಮೇಲೆ ಹತ್ತು ವಾಕ್ಯ ಬರೆಯಿರಿ. ನಿಯಮ ಒಂದೇ. ‘ಬಹುಶಃ’, ‘ಅನಿಸುತ್ತದೆ’, ‘ಸಂಕೇತ’ ಈ ಮೂರು ಮಾತು ಬರಬಾರದು. ಕಣ್ಣಿಗೆ ಕಂಡದ್ದಷ್ಟೇ. ‘ಹುಡುಗ ತುಂಟ’ ಎಂದು ಬರೆದರೆ ನಾನು ಗೀಟು ಹಾಕುತ್ತೇನೆ. ತುಂಟತನ ಕಣ್ಣಿಗೆ ಕಾಣುವುದಿಲ್ಲ. ‘ಹುಡುಗನ ಬಾಯಿ ತೆರೆದಿದೆ, ನಗುತ್ತಿದ್ದಾನೆ’ ಅಂದರೆ ಸರಿ. ‘ಒಂದು ತೋಳಿನಲ್ಲಿ ಬೆಕ್ಕಿನ ಮರಿ ಹಿಡಿದಿದ್ದಾನೆ. ಇನ್ನೊಂದು ಕೈಯಲ್ಲಿ ಹಾವುಮೀನನ್ನು ಎತ್ತಿ ಹಿಡಿದಿದ್ದಾನೆ. ಹುಡುಗಿ ಬೆಕ್ಕಿನ ಬಾಲ ಹಿಡಿದಿದ್ದಾಳೆ. ಅವಳ ಇನ್ನೊಂದು ಕೈಯ ತೋರುಬೆರಳು ಮೇಲೆದ್ದಿದೆ.’ ಇಷ್ಟಾದರೆ ಅರ್ಧ ಕೆಲಸ ಮುಗಿದಂತೆ. ಇದನ್ನು ಹಾರಿಸಿ ನೇರ ಅರ್ಥಕ್ಕೆ ಹೋದವರು ಮುಂದೆ ಎಲ್ಲೋ ಎಡವುತ್ತಾರೆ. ನಾನೂ ಎಡವಿದ್ದೇನೆ. ಒಮ್ಮೆ ಈ ಚಿತ್ರದ ಮೀನನ್ನು ಹಗ್ಗ ಅಂದುಕೊಂಡು ಅರ್ಧ ಪುಟ ವಿವರಣೆ ಬರೆದಿದ್ದೆ.

ಪ್ರಾಣಿಯಿಂದ ಶುರು ಮಾಡಿ

ಹೆಚ್ಚಿನವರು ಮಕ್ಕಳ ಮುಖದಿಂದ ಶುರು ಮಾಡುತ್ತಾರೆ. ಮನುಷ್ಯರ ಕಣ್ಣು ಮನುಷ್ಯರ ಮುಖಕ್ಕೇ ಹೋಗುವುದು ಸಹಜ. ಕಲಾವಿದರಿಗೂ ಅದು ಗೊತ್ತು. ನಗುವ ಮುಖವನ್ನು ಬೆಳಕಿನಲ್ಲಿಟ್ಟರೆ ನೋಡುಗ ಮೊದಲು ತಾನೂ ನಗುತ್ತಾನೆ. ಆಮೇಲೆ ಬೆಕ್ಕನ್ನು ನೋಡುತ್ತಾನೆ, ನೋಡಿದರೆ. ನೋಡಿದಾಗ ನಗು ಸ್ವಲ್ಪ ಇಳಿಯುತ್ತದೆ. ಚಿತ್ರದ ಅರ್ಥ ಇರುವುದು ಈ ಇಳಿಯುವ ಜಾಗದಲ್ಲಿ ಎಂದು ನನ್ನ ನಂಬಿಕೆ. ಅದಕ್ಕೇ ನಾನು ತಿರುವುಮುರುವು ಮಾಡಿಸುತ್ತೇನೆ. ಒಂದು ಕಾಗದದಲ್ಲಿ ರಂಧ್ರ ಮಾಡಿ, ಪ್ರಾಣಿ ಮಾತ್ರ ಕಾಣುವ ಹಾಗೆ ಪರದೆಯ ಮೇಲೆ ಹಿಡಿಯಿರಿ. ಮಕ್ಕಳನ್ನು ಮುಚ್ಚಿಬಿಡಿ. ಈಗ ಕೇಳಿ: ಈ ಪ್ರಾಣಿಗೆ ಏನಾಗುತ್ತಿದೆ?

ಇದಕ್ಕೆ ಪುಸ್ತಕ ಬೇಕಿಲ್ಲ. ಅಂಗಳದಲ್ಲಿ ಬೆಕ್ಕು, ಓಣಿಯಲ್ಲಿ ನಾಯಿ, ಹೊಲದಲ್ಲಿ ಎತ್ತು ನೋಡಿ ಬೆಳೆದವರಿಗೆ ಅರ್ಧ ಗೊತ್ತೇ ಇರುತ್ತದೆ. ಬೆಕ್ಕಿನ ಕಿವಿ ನೆಟ್ಟಗೆ ಮುಂದಕ್ಕಿದ್ದರೆ ಕುತೂಹಲ. ಹಿಂದಕ್ಕೆ ಚಪ್ಪಟೆಯಾಗಿ ಮಲಗಿದ್ದರೆ ಹೆದರಿಕೆ ಅಥವಾ ಸಿಟ್ಟು. ಬಾಲದ ಕೂದಲು ಉಬ್ಬಿದರೂ ಹಾಗೇ. ಉಗುರು ಹೊರಗೆ ಬಂದಿದೆಯಾ, ಒಳಗಿದೆಯಾ ನೋಡಿ. ಬಂದಿದ್ದರೆ ಅದು ಎಲ್ಲಿ ನಾಟಿದೆ? ಬಟ್ಟೆಗೋ, ಚರ್ಮಕ್ಕೋ, ಗಾಳಿಗೋ? ನಾಯಿ ಬಾಲವನ್ನು ಕಾಲ ಸಂದಿಗೆ ಸೇರಿಸಿದರೆ ಭಯ. ಎತ್ತಿನ ಅಥವಾ ಕರುವಿನ ಕಣ್ಣಿನ ಬಿಳಿ ಜಾಸ್ತಿ ಕಂಡರೆ ಅದು ಬೆದರಿದೆ. ಆಡಿನ ಮರಿ ಕಾಲು ಚಾಚಿ ಮೈ ಬಿಗಿ ಹಿಡಿದಿದ್ದರೆ ಅದು ತಪ್ಪಿಸಿಕೊಳ್ಳಲು ನೋಡುತ್ತಿದೆ. ಸಡಿಲವಾಗಿ ಜೋತುಬಿದ್ದಿದ್ದರೆ ಎತ್ತಿಕೊಂಡವರನ್ನು ನಂಬಿದೆ, ಇಲ್ಲವೇ ಸೋತಿದೆ. ಈ ಎರಡರ ವ್ಯತ್ಯಾಸ ಹೇಳುವುದು ಕಣ್ಣು. ಅರೆಮುಚ್ಚಿದ್ದರೆ ಒಂದು, ಅಗಲವಾಗಿ ತೆರೆದಿದ್ದರೆ ಇನ್ನೊಂದು.

ಇಲ್ಲಿ ಒಂದು ಎಚ್ಚರ ಬೇಕು. ಎಲ್ಲ ಕಲಾವಿದರೂ ಪ್ರಾಣಿಯನ್ನು ಎದುರಿಗೆ ಇಟ್ಟುಕೊಂಡು ಬರೆದವರಲ್ಲ. ಬೇರೆ ಚಿತ್ರದಿಂದ ನಕಲು ಮಾಡಿದ ಬೆಕ್ಕುಗಳಿಗೆ ಮನುಷ್ಯರ ಮುಖ ಬಂದುಬಿಡುತ್ತದೆ. ಅಂಥಲ್ಲಿ ಕಿವಿ, ಬಾಲದ ಲೆಕ್ಕ ನಡೆಯುವುದಿಲ್ಲ. ಕಾಲುಗಳನ್ನು ನೋಡಿ. ಕೀಲು ಸರಿಯಾದ ಕಡೆ ಮಡಚಿದ್ದರೆ ಬರೆದವರು ಪ್ರಾಣಿಯನ್ನು ಕಂಡಿದ್ದಾರೆ.

ಲೇಸ್ಟರ್ ಚಿತ್ರದಲ್ಲಿ ರಂಧ್ರದ ಕಾಗದ ಹಿಡಿದು ನೋಡಿ. ಆ ಮರಿಯನ್ನು ಎರಡು ಕಡೆಯಿಂದ ಹಿಡಿದಿದ್ದಾರೆ. ಮೈ ಒಬ್ಬನ ತೋಳಲ್ಲಿ, ಬಾಲ ಇನ್ನೊಬ್ಬಳ ಮುಷ್ಟಿಯಲ್ಲಿ. ತಿನ್ನುವ ವಸ್ತು ಅದೇ ಹುಡುಗನ ಇನ್ನೊಂದು ಕೈಯಲ್ಲಿ, ಮೇಲೆ. ಹತ್ತಿರವೇ ಇದೆ, ಸಿಗುವುದಿಲ್ಲ. ಬೆಕ್ಕಿಗೆ ಇಲ್ಲಿ ಆಟ ಅನ್ನುವುದೇ ಇಲ್ಲ.

ಕೈಗಳನ್ನು ಎಣಿಸಿ

ಈಗ ಕಾಗದ ತೆಗೆಯಿರಿ. ಎಷ್ಟು ಕೈ ಇವೆ? ಲೇಸ್ಟರ್ ಚಿತ್ರದಲ್ಲಿ ನಾಲ್ಕು, ನಾಲ್ಕಕ್ಕೂ ಕೆಲಸ ಇದೆ. ಒಂದು ಬೆಕ್ಕನ್ನು ಹಿಡಿದಿದೆ, ಒಂದು ಮೀನನ್ನು ಎತ್ತಿದೆ, ಒಂದು ಬಾಲ ಎಳೆಯುತ್ತಿದೆ, ಒಂದು ಬೆರಳು ತೋರಿಸುತ್ತಿದೆ. ಮುಖ ಸುಳ್ಳು ಹೇಳಬಹುದು, ಕೈ ಮಾಡುತ್ತಿರುವುದನ್ನು ಮಾಡುತ್ತಲೇ ಇರುತ್ತದೆ.

ಆ ಹುಡುಗಿಯ ಎರಡು ಕೈಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಒಂದು ಕೈ ‘ಎಚ್ಚರ’ ಅನ್ನುವಂತೆ ಬೆರಳೆತ್ತಿದೆ. ಅದೇ ಹೊತ್ತಿಗೆ ಇನ್ನೊಂದು ಕೈ ಮಾಡಬಾರದ್ದನ್ನು ಮಾಡುತ್ತಿದೆ. ಬುದ್ಧಿ ಹೇಳುವ ಕೈಯೂ ತಪ್ಪು ಮಾಡುವ ಕೈಯೂ ಒಬ್ಬಳದೇ. ನನಗೆ ಇಡೀ ಚಿತ್ರದಲ್ಲಿ ತುಂಬ ಇಷ್ಟವಾದ ಜಾಗ ಇದು. ನಾಲ್ಕು ಶತಮಾನದ ಹಿಂದೆ ಒಬ್ಬ ಹೆಣ್ಣುಮಗಳು ಕೂತು ಈ ಎರಡು ಪುಟ್ಟ ಕೈಗಳನ್ನು ಯೋಚಿಸಿ ಇಟ್ಟಿದ್ದಾಳೆ. ನಮ್ಮ ಮನೆಯ ಪಡಸಾಲೆಯಲ್ಲಿ ಪ್ರತಿ ಭಾನುವಾರ ಆ ಹುಡುಗಿಯನ್ನು ನೋಡುತ್ತೇನೆ. ‘ಹೊಡೀಬಾರ್ದು’ ಅಂತ ಹೇಳುತ್ತಲೇ ತಮ್ಮನನ್ನು ಚಿವುಟುತ್ತಿರುತ್ತಾಳೆ.

ಮಕ್ಕಳಿಗೆ ಇದನ್ನು ಮಾಡಿಯೇ ತೋರಿಸಬಹುದು. ಬೆಕ್ಕಿನ ಬದಲು ಒಂದು ಸುತ್ತಿದ ಟವೆಲ್, ಮೀನಿನ ಬದಲು ಒಂದು ಲಾಡಿ. ಇಬ್ಬರು ಚಿತ್ರದ ಹಾಗೆ ನಿಲ್ಲಲಿ. ಒಂದು ನಿಮಿಷ ಹಾಗೇ ನಿಂತರೆ ತೋಳು ನೋಯುತ್ತದೆ. ಆಗ ಗೊತ್ತಾಗುತ್ತದೆ, ಇದು ಕ್ಷಣದ ಚಿತ್ರ ಅಂತ. ಮುಂದಿನ ಕ್ಷಣ ಏನೋ ಆಗಲೇಬೇಕು. ಬೆಕ್ಕು ಪರಚಬೇಕು, ಇಲ್ಲ ಮೀನು ಜಾರಬೇಕು.

ಯಾರ ಕಣ್ಣು ಯಾರ ಮೇಲೆ?

ಪ್ರಿಂಟ್ ತೆಗೆದಿದ್ದರೆ ಪ್ರತಿ ಕಣ್ಣಿನಿಂದ ಅದು ನೋಡುವ ಕಡೆಗೆ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಗಳು ಸೇರುವ ಜಾಗ ಕಲಾವಿದರಿಗೆ ಮುಖ್ಯವಾದ ಜಾಗ. ಯಾವ ಗೆರೆಯಾದರೂ ಚಿತ್ರದ ಹೊರಗೆ, ನಿಮ್ಮ ಕಡೆಗೇ ಬಂದರೆ, ಆ ವ್ಯಕ್ತಿ ನಿಮ್ಮನ್ನು ಒಳಗೆ ಕರೆಯುತ್ತಿದ್ದಾರೆ ಅಥವಾ ನಿಮ್ಮನ್ನೂ ಪಾಲುದಾರರನ್ನಾಗಿ ಮಾಡುತ್ತಿದ್ದಾರೆ. ಬೆಕ್ಕನ್ನು ಹಿಡಿದವನು ಬೆಕ್ಕನ್ನು ನೋಡುತ್ತಿದ್ದಾನೆಯೇ? ಇದೊಂದು ಪ್ರಶ್ನೆ ಕೇಳಿ ನೋಡಿ. ಇಂಥ ಎಷ್ಟೋ ಚಿತ್ರಗಳಲ್ಲಿ ಉತ್ತರ ‘ಇಲ್ಲ’.

ಬಟ್ಟೆ, ಪಾತ್ರೆ, ಗೋಡೆ, ಕಿಟಕಿ ಇವನ್ನೂ ಒಂದು ಸುತ್ತು ನೋಡಿ. ಬಟ್ಟೆ ಹರಿದಿದೆಯಾ, ಕುತ್ತಿಗೆಯಲ್ಲಿ ಸರ ಇದೆಯಾ, ಹಿಂದೆ ಕೋಣೆ ಇದೆಯಾ, ಬರೀ ಬಣ್ಣ ಇದೆಯಾ. ಲೇಸ್ಟರ್ ಚಿತ್ರದಲ್ಲಿ ಹಿಂದೆ ನೋಡುವಂಥದ್ದು ಏನೂ ಇಲ್ಲ. ಎಲ್ಲ ಮುಂದೆಯೇ ಇದೆ.

ಈಗ ಮಾತ್ರ ಬರೆದವರ ಬಗ್ಗೆ ತಿಳಿಯಿರಿ

ಇದನ್ನು ಮೊದಲೇ ಓದಿದ್ದರೆ ಕಣ್ಣು ಕೆಲಸ ಮಾಡುವುದನ್ನು ನಿಲ್ಲಿಸುತ್ತಿತ್ತು. ಈಗ ಓದಿದರೆ ಕಂಡದ್ದು ಗಟ್ಟಿಯಾಗುತ್ತದೆ.

17ನೇ ಶತಮಾನದ ಹಾಲೆಂಡಿನಲ್ಲಿ ಪ್ರೊಟೆಸ್ಟೆಂಟ್ ಚರ್ಚುಗಳು ಗೋಡೆಯ ಮೇಲೆ ದೇವರ ಚಿತ್ರ ಬರೆಸುವುದನ್ನು ಬಿಟ್ಟಿದ್ದವು. ಚಿತ್ರ ಕೊಳ್ಳುವವರು ವ್ಯಾಪಾರಿಗಳು, ಕಸುಬುದಾರರು, ಊರಿನ ಸಾಮಾನ್ಯ ಗೃಹಸ್ಥರು. ಅವರಿಗೆ ಮನೆಗೆ ಹೊಂದುವ ಅಳತೆಯ, ತಮ್ಮಂಥವರೇ ಇರುವ ಚಿತ್ರ ಬೇಕಿತ್ತು. ಲೇಸ್ಟರ್ ಚಿತ್ರ ಒಂದು ಶಹಾಬಾದ್ ಕಲ್ಲಿನೊಳಗೆ ಕೂರುವಷ್ಟೇ ಯಾಕಿದೆ ಅನ್ನುವುದಕ್ಕೆ ಇಲ್ಲಿ ಉತ್ತರ ಇದೆ.

ಲೇಸ್ಟರ್ 1609ರಲ್ಲಿ ಹಾರ್ಲೆಮ್ ಊರಿನಲ್ಲಿ ಹುಟ್ಟಿದಳು. 1633ರಲ್ಲಿ ಅಲ್ಲಿನ ಚಿತ್ರಕಾರರ ಸಂಘಕ್ಕೆ ಸೇರಿದಳು. ಆ ಕಾಲಕ್ಕೆ ಹೆಣ್ಣುಮಕ್ಕಳಿಗೆ ಅದು ಸುಲಭದ ಮಾತಲ್ಲ. ಅವಳ ಹೆಸರಿನ ಅರ್ಥ ದಾರಿ ತೋರುವ ನಕ್ಷತ್ರ. ಅದಕ್ಕೇ ಸಹಿಯಲ್ಲಿ ಹೆಸರಿನ ಮೊದಲ ಅಕ್ಷರಗಳ ಜೊತೆ ಒಂದು ನಕ್ಷತ್ರ ಬಿಡಿಸುತ್ತಿದ್ದಳು. 1636ರಲ್ಲಿ ಯಾನ್ ಮೀನ್ಸೆ ಮೋಲೆನಾರ್ ಎಂಬ ಚಿತ್ರಕಾರನನ್ನು ಮದುವೆಯಾದಳು. 1660ರಲ್ಲಿ ತೀರಿಕೊಂಡಳು. ಆಮೇಲೆ ಲೋಕ ಅವಳನ್ನು ಮರೆತೇಬಿಟ್ಟಿತು. ಅವಳ ಚಿತ್ರಗಳನ್ನು ಅದೇ ಊರಿನ ಫ್ರಾನ್ಸ್ ಹಾಲ್ಸ್ ಬರೆದದ್ದು ಎಂದು ಮಾರಿದರು. 1893ರಲ್ಲಿ ಹಾಫ್‌ಸ್ಟೆಡೆ ಡಿ ಗ್ರೂಟ್ ಎಂಬ ವಿದ್ವಾಂಸ ಆ ನಕ್ಷತ್ರದ ಸಹಿಯನ್ನು ಗುರುತಿಸಿದ ಮೇಲೆ ಅವಳ ಹೆಸರು ಅವಳಿಗೆ ವಾಪಸು ಬಂತು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ! ಈ ಕಥೆ ಹೇಳುವಾಗ ನಮ್ಮ ಕ್ಲಾಸಿನ ಹುಡುಗಿಯರು ಕೂತಲ್ಲಿಂದ ಮುಂದಕ್ಕೆ ಜರುಗುತ್ತಾರೆ. ತಮ್ಮ ಚಿತ್ರದ ಮೂಲೆಯಲ್ಲಿ ಹೆಸರು ದೊಡ್ಡದಾಗಿ ಬರೆಯುತ್ತಾರೆ.

ಗಾದೆಯ ಮೆಟ್ಟಿಲು, ಗಾದೆಯ ಬಲೆ

ಆ ಕಾಲದ ಡಚ್ ಜನ ಗಾದೆ ಪ್ರಿಯರು. ಚಿತ್ರ ಮತ್ತು ಗಾದೆ ಜೋಡಿಸಿದ ನೀತಿ ಪುಸ್ತಕಗಳು ಮನೆಮನೆಯಲ್ಲಿ ಓದುತ್ತಿದ್ದಂಥವು. ಯಾಕೋಬ್ ಕಾಟ್ಸ್ ಎಂಬ ಕವಿಯಂತೂ ಮಕ್ಕಳ ಆಟಗಳಲ್ಲಿ ದೊಡ್ಡವರ ಬದುಕನ್ನೇ ತೋರಿಸಿ ಪದ್ಯ ಬರೆದ. ಹಾಗಾಗಿ ಹಾವುಮೀನು ಮತ್ತು ಬೆಕ್ಕನ್ನು ಕಂಡ ಕೂಡಲೇ ಅವರ ಬಾಯಿಗೆ ಎರಡು ಗಾದೆ ಬರುತ್ತಿದ್ದವು. ಒಂದು, ಹಾವುಮೀನಿನ ಬಾಲ ಹಿಡಿಯುವುದರ ಬಗ್ಗೆ. ಬಾಲ ಸಿಕ್ಕಿತು ಅಂದರೆ ಮೀನು ಸಿಕ್ಕಿತು ಅಂತಲ್ಲ, ಯಾವಾಗ ಬೇಕಾದರೂ ಜಾರುತ್ತದೆ. ಇನ್ನೊಂದು, ಬೆಕ್ಕಿನ ಜೊತೆ ಆಡುವವನಿಗೆ ಪರಚುಗಾಯ ತಪ್ಪದು. ಹುಡುಗಿಯ ಬೆರಳು ಯಾಕೆ ಮೇಲಿದೆ ಅನ್ನುವುದು ಈಗ ಗೊತ್ತಾಗುತ್ತದೆ ಅಲ್ವಾ?

ನಮ್ಮ ಮಕ್ಕಳು ಇಲ್ಲಿ ತಟ್ಟನೆ ಕೈ ಎತ್ತುತ್ತಾರೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣ ಸಂಕಟ!’ ಒಳ್ಳೇ ಗಾದೆ. ಈ ಚಿತ್ರದಲ್ಲಿ ಅದು ತಲೆಕೆಳಗಾಗಿದೆ, ಚೆಲ್ಲಾಟ ಮಕ್ಕಳಿಗೆ, ಸಂಕಟ ಬೆಕ್ಕಿಗೆ. ಇದನ್ನು ನಾನು ಬೇಡ ಅನ್ನುವುದಿಲ್ಲ. ನಮ್ಮ ಗಾದೆ ನಮ್ಮ ಕಣ್ಣಿಗೆ ಮೆಟ್ಟಿಲು. ಅದರ ಮೇಲೆ ನಿಂತರೆ ಸ್ವಲ್ಪ ದೂರ ಕಾಣುತ್ತದೆ. ಆದರೆ ಬರೆಯುವಾಗ ಎರಡನ್ನೂ ಬೆರೆಸಬೇಡಿ. ‘ಕಲಾವಿದೆ ಈ ಗಾದೆಯನ್ನು ಮನಸ್ಸಿನಲ್ಲಿಟ್ಟು ಬರೆದಳು’ ಎಂದು ನಮ್ಮ ಗಾದೆಯ ಬಗ್ಗೆ ಬರೆದರೆ ತಪ್ಪು. ‘ಈ ಚಿತ್ರ ನೋಡಿದಾಗ ನಮಗೆ ಈ ಗಾದೆ ನೆನಪಾಗುತ್ತದೆ’ ಅಂದರೆ ಸರಿ.

ಬಲೆಗೆ ಬೀಳುವುದು ಎಲ್ಲಿ ಅಂದರೆ, ಗಾದೆ ಸಿಕ್ಕ ಕೂಡಲೇ ಚಿತ್ರ ನೋಡುವುದನ್ನು ನಿಲ್ಲಿಸುವಲ್ಲಿ. ಗಾದೆ ಎರಡು ಸಾಲು. ಅಷ್ಟೇ ಹೇಳಬೇಕಿದ್ದರೆ ಲೇಸ್ಟರ್ ಎರಡು ಸಾಲು ಬರೆದು ಮುಗಿಸಬಹುದಿತ್ತು. ಹುಡುಗನ ಕೆನ್ನೆಯ ಬಣ್ಣ, ಹಾವುಮೀನಿನ ಹೊಳಪು ಬರೆಯುತ್ತ ಕೂರಬೇಕಿರಲಿಲ್ಲ.

ಅರ್ಥ ಎಷ್ಟು ದೂರ ಎಳೆಯಬಹುದು?

ಇದೇ ವಿಷಯಕ್ಕೆ ವಿದ್ವಾಂಸರು ಜಗಳ ಆಡಿದ್ದಾರೆ. 1970ರ ದಶಕದಲ್ಲಿ ಎಡ್ಡಿ ಡಿ ಯಾಂಗ್ ಎಂಬ ಡಚ್ ಕಲಾ ಇತಿಹಾಸಕಾರ, ಈ ಚಿತ್ರಗಳು ಮೇಲ್ನೋಟಕ್ಕೆ ಸಾದಾ ಕಂಡರೂ ಒಳಗೆ ನೀತಿ ಮತ್ತು ಗೂಢಾರ್ಥ ಬಚ್ಚಿಟ್ಟಿವೆ ಎಂದು ತೋರಿಸಿದ. 1983ರಲ್ಲಿ ಅಮೆರಿಕದ ಸ್ವೆಟ್ಲಾನಾ ಆಲ್ಪರ್ಸ್ ಎದುರು ವಾದ ಹೂಡಿದಳು. ಡಚ್ಚರಿಗೆ ಕಂಡದ್ದನ್ನು ಕಂಡ ಹಾಗೆ ವರ್ಣಿಸುವುದರಲ್ಲೇ ಸಂತೋಷ ಇತ್ತು, ಎಲ್ಲದರ ಹಿಂದೆ ನೀತಿ ಹುಡುಕಬೇಡಿ ಅಂದಳು. ನನಗೆ ಇಬ್ಬರೂ ಬೇಕು. ಬೆರಳೆತ್ತಿದ ಹುಡುಗಿ ಎದುರಿಗಿದ್ದಾಗ ನೀತಿಯೇ ಇಲ್ಲ ಅನ್ನಲು ಆಗುವುದಿಲ್ಲ. ಹಾಗಂತ ಬರೀ ನೀತಿ ಅಂದರೆ ಆ ನಗು ಎಲ್ಲಿಗೆ ಹೋಗಬೇಕು?

ನನ್ನ ಅಳತೆಗೋಲು ಹೀಗಿದೆ. ನೀವು ಹೇಳುವ ಅರ್ಥಕ್ಕೆ ಚಿತ್ರದೊಳಗೆ ಬೆರಳಿಟ್ಟು ತೋರಿಸುವಂಥ ಕನಿಷ್ಠ ಎರಡು ಗುರುತು ಇರಬೇಕು. ಆ ಕಾಲದ ಜನರಿಗೆ ಆ ಅರ್ಥ ತಿಳಿದಿತ್ತು ಅನ್ನುವುದಕ್ಕೆ ಗಾದೆಯೋ ಪದ್ಯವೋ ಬೇರೆ ಚಿತ್ರವೋ ಸಾಕ್ಷಿ ಬೇಕು. ಇವೆರಡೂ ಇದ್ದರೆ ಧೈರ್ಯವಾಗಿ ಬರೆಯಿರಿ. ಒಂದೇ ಇದ್ದರೆ ‘ಹೀಗೂ ಓದಬಹುದು’ ಅನ್ನಿ. ಎರಡೂ ಇಲ್ಲದಿದ್ದರೆ ಅದು ನಿಮ್ಮ ಕಲ್ಪನೆ. ಕಲ್ಪನೆಗೂ ಬೆಲೆ ಇದೆ, ಅದಕ್ಕೆ ಬೇರೆ ಪುಟ ಕೊಡಿ.

1765ರಲ್ಲಿ ಫ್ರಾನ್ಸಿನ ಗ್ರೂಜ್ ತೋರಿಸಿದ ಒಂದು ಚಿತ್ರದಲ್ಲಿ ಹುಡುಗಿಯೊಬ್ಬಳು ಸತ್ತ ಹಕ್ಕಿಯ ಮುಂದೆ ತಲೆಗೆ ಕೈ ಕೊಟ್ಟು ಕೂತಿದ್ದಾಳೆ. ದಿದರೋ ಎಂಬ ಲೇಖಕ ಅದರ ಬಗ್ಗೆ ಪುಟಗಟ್ಟಲೆ ಬರೆದ. ಈ ಅಳು ಹಕ್ಕಿಗಾಗಿ ಅಲ್ಲ, ಪ್ರೀತಿಯಲ್ಲಿ ಮೋಸಹೋದದ್ದಕ್ಕೆ ಎಂದು ಅವಳ ಜೊತೆ ತಾನೇ ಮಾತಾಡುವ ಹಾಗೆ ಬರೆದ. ಚೆನ್ನಾಗಿದೆ, ಇವತ್ತೂ ಜನ ಅದನ್ನೇ ಹೇಳುತ್ತಾರೆ. ಆದರೆ ನಾನು ಮಕ್ಕಳಿಗೆ ಆ ಚಿತ್ರ ತೋರಿಸುವಾಗ ಮೊದಲು ಹಕ್ಕಿಯನ್ನೇ ತೋರಿಸುತ್ತೇನೆ. ಸಾಕಿದ ಗಿಣಿ ಸತ್ತ ದಿನ ಊಟ ಬಿಟ್ಟ ಮಗುವಿಗೆ, ಹಕ್ಕಿಗಾಗಿ ಅಷ್ಟು ಅಳುವುದಿಲ್ಲ ಅನ್ನುವ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಪಕ್ಕದಲ್ಲಿ ಇನ್ನೊಂದು ಚಿತ್ರ ಇಡಿ

ಒಂದೇ ಚಿತ್ರ ನೋಡಿದರೆ ಎಲ್ಲವೂ ಸಹಜ ಅನಿಸುತ್ತದೆ. ಎರಡನೆಯದು ಇಟ್ಟ ಕೂಡಲೇ ಮೊದಲನೆಯದರಲ್ಲಿ ಏನಿಲ್ಲ ಅನ್ನುವುದು ಕಾಣುತ್ತದೆ.

ಆಂಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಯಾನ್ ಸ್ಟೇನ್ ಎಂಬ ಡಚ್ ಚಿತ್ರಕಾರ ಬರೆದ ಒಂದು ಚಿತ್ರ ಇದೆ, ಬೆಕ್ಕಿಗೆ ಕುಣಿತ ಕಲಿಸುವ ಮಕ್ಕಳದ್ದು. 1660 ಮತ್ತು 1679ರ ನಡುವೆ ಬರೆದದ್ದು. ಬೆಕ್ಕನ್ನು ಮುಂಗಾಲು ಹಿಡಿದು ಹಿಂಗಾಲಿನ ಮೇಲೆ ನಿಲ್ಲಿಸಿದ್ದಾರೆ. ಒಬ್ಬಳು ಪೀಪಿ ಊದುತ್ತಿದ್ದಾಳೆ. ನಮ್ಮ ಶಹನಾಯಿಯ ಬಂಧುವಿನಂಥ ವಾದ್ಯ. ನಾಯಿ ಬೊಗಳುತ್ತಿದೆ. ಹಿಂದಿನ ಕಿಟಕಿಯಲ್ಲಿ ಒಬ್ಬ ಮುದುಕ ಸಿಟ್ಟಿನಿಂದ ಇಣುಕಿದ್ದಾನೆ. ಈ ಚಿತ್ರವನ್ನು ಕಣ್ಣಿಗಿಂತ ಜಾಸ್ತಿ ಕಿವಿಯಿಂದ ಓದಬೇಕು. ಎಷ್ಟು ಸದ್ದು ಇದೆ ಎಣಿಸಿ. ಪೀಪಿ, ಬೊಗಳು, ನಗು, ಬೆಕ್ಕಿನ ಕಿರುಚು, ಮುದುಕನ ಬೈಗುಳ. ಲೇಸ್ಟರ್ ಚಿತ್ರದಲ್ಲಿ ಇಂಥ ಗದ್ದಲ ಇಲ್ಲ. ಅಲ್ಲಿ ಎಚ್ಚರಿಸುವ ಬೆರಳು ಮಗುವಿನದೇ ಆಗಿತ್ತು. ಇಲ್ಲಿ ಬೈಯಲು ದೊಡ್ಡವನೊಬ್ಬ ಬಂದಿದ್ದಾನೆ. ಆದರೆ ಕಿಟಕಿಯ ಆಚೆ ಇದ್ದಾನೆ, ಕೈಗೆ ಸಿಗುವುದಿಲ್ಲ. ಅವನು ಬೈಯುವುದು ಬೆಕ್ಕಿನ ಸಂಕಟ ನೋಡಿಯೋ, ನಿದ್ದೆ ಕೆಟ್ಟದ್ದಕ್ಕೋ? ಈ ಪ್ರಶ್ನೆಗೆ ನಮ್ಮ ಕ್ಲಾಸಿನಲ್ಲಿ ಅರ್ಧ ಗಂಟೆ ವಾದ ನಡೆದಿದೆ. ಡಚ್ಚರು ಇವತ್ತಿಗೂ ಗಲಿಬಿಲಿಯ ಮನೆಗೆ ‘ಯಾನ್ ಸ್ಟೇನನ ಸಂಸಾರ’ ಅನ್ನುತ್ತಾರೆ.

ಇನ್ನೂ ಎಪ್ಪತ್ತು–ತೊಂಬತ್ತು ವರ್ಷ ದಾಟಿ ಇಂಗ್ಲೆಂಡಿಗೆ ಬನ್ನಿ. 1751ರಲ್ಲಿ ವಿಲಿಯಂ ಹೊಗಾರ್ತ್ ಕ್ರೌರ್ಯದ ನಾಲ್ಕು ಹಂತಗಳ ಬಗ್ಗೆ ನಾಲ್ಕು ಅಚ್ಚು ಚಿತ್ರ ಮಾಡಿದ. ಮೊದಲನೆಯದರಲ್ಲಿ ಬೀದಿ ಹುಡುಗರು ನಾಯಿ, ಬೆಕ್ಕು, ಹಕ್ಕಿಗಳನ್ನು ಹಿಂಸಿಸುತ್ತಿದ್ದಾರೆ. ಒಬ್ಬ ಹುಡುಗ ಮಾತ್ರ, ನಾಯಿಯನ್ನು ಬಿಟ್ಟುಬಿಡು ಎಂದು ತನ್ನ ತಿಂಡಿಯನ್ನೇ ಕೊಡಲು ಬರುತ್ತಿದ್ದಾನೆ. ಕೊನೆಯ ಚಿತ್ರದಲ್ಲಿ ಆ ಹಿಂಸಿಸಿದವನೇ ದೊಡ್ಡವನಾಗಿ, ಕೊಲೆಗಾರನಾಗಿ ಗಲ್ಲಿಗೇರಿ, ಹೆಣ ಕೊಯ್ಯುವವರ ಮೇಜಿನ ಮೇಲೆ ಮಲಗಿದ್ದಾನೆ. ಬಡವರ ಕೈಗೂ ಸಿಗಲಿ ಎಂದು ಹೊಗಾರ್ತ್ ಇವನ್ನು ಅಗ್ಗವಾಗಿ ಮಾರಿದ. ಇಲ್ಲಿ ನಗುವಿಗೆ ಜಾಗವೇ ಇಲ್ಲ. ಮೂರನ್ನೂ ಸಾಲಾಗಿ ಇಟ್ಟರೆ, ಅದೇ ಮಕ್ಕಳು ಅದೇ ಪ್ರಾಣಿ, ಆದರೆ ಪ್ರಾಣಿಯ ನೋವಿಗೆ ಚಿತ್ರದಲ್ಲಿ ಸಿಗುವ ಜಾಗ ಬೇರೆ ಬೇರೆ. ಮಕ್ಕಳಿಗೆ ಹೊಗಾರ್ತ್‌ನ ಚಿತ್ರ ತೋರಿಸುವುದಾದರೆ ಮೊದಲು ನೀವೊಬ್ಬರೇ ನೋಡಿ. ತುಂಬ ಕಠೋರವಾಗಿದೆ.

ಆಮೇಲೆ ಮನೆಯ ಕಡೆ ತಿರುಗಿ

ನಮ್ಮ ಕಡೆ ಕಾರಹುಣ್ಣಿಮೆಯಲ್ಲಿ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಮೆರೆಸುತ್ತಾರೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮಣ್ಣಿನಲ್ಲಿ ಎತ್ತು ಮಾಡಿ ಪೂಜೆ ಮಾಡುತ್ತೇವೆ, ಮಕ್ಕಳ ಕೈಗೆ ಅವತ್ತು ಮಣ್ಣೇ ಮಣ್ಣು. ಆ ದಿನಗಳ ಒಂದು ಫೋಟೋ ನಿಮ್ಮ ಫೋನಿನಲ್ಲಿ ಇದ್ದೇ ಇರುತ್ತದೆ. ಅದನ್ನು ತೆಗೆದು ಇದೇ ಕ್ರಮದಲ್ಲಿ ಓದಿ. ಹತ್ತು ವಾಕ್ಯ, ರಂಧ್ರದ ಕಾಗದ, ಕೈಗಳ ಎಣಿಕೆ, ಕಣ್ಣಿನ ಗೆರೆ.

ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ತನ್ನ ಅಜ್ಜನ ಊರಿನ ಫೋಟೋ ತಂದಿದ್ದ. ಸಿಂಗಾರ ಮಾಡಿದ ಎತ್ತು, ಮುಂದೆ ಹಗ್ಗ ಹಿಡಿದು ನಿಂತ ಇವನು. ಎಲ್ಲರೂ ಇವನ ಹೊಸ ಅಂಗಿ ನೋಡಿದರು. ಕಾಗದ ಹಿಡಿದು ಎತ್ತು ಮಾತ್ರ ನೋಡಿದಾಗ ಅದರ ಕಿವಿ ಹಿಂದಕ್ಕಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ‘ಹಿಂದ ಪಟಾಕಿ ಹೊಡೀಲಾಕತ್ತಿದ್ರಿ’ ಅಂದ ಹುಡುಗ. ಪಟಾಕಿ ಫೋಟೋದಲ್ಲಿ ಇರಲಿಲ್ಲ, ಎತ್ತಿನ ಕಣ್ಣಲ್ಲಿ ಇತ್ತು. ಆಮೇಲೆ ಕೈ ಎಣಿಸಿದೆವು. ಅವನ ಒಂದು ಕೈ ಹಗ್ಗದ ಮೇಲೆ, ಇನ್ನೊಂದು ಎತ್ತಿನ ಗಂಗೆದೊಗಲಿನ ಮೇಲೆ. ಸಮಾಧಾನ ಮಾಡುವ ಕೈ ಅದು. ಫೋಟೋ ತೆಗೆಯುವಾಗ ಅವನಿಗೇ ಗೊತ್ತಿರಲಿಲ್ಲ.

ಬರೆಯುವುದು

ಕೊನೆಗೆ ಒಂದು ಪುಟ ಬರೆಯಿರಿ, ಜಾಸ್ತಿ ಬೇಡ. ಮೊದಲ ಸಾಲಿನಲ್ಲಿ ಯಾರು, ಯಾವಾಗ, ಎಲ್ಲಿದೆ, ಎಷ್ಟು ದೊಡ್ಡದು. ಆಮೇಲೆ ಕಂಡದ್ದು, ಪ್ರಾಣಿಯಿಂದ ಶುರು ಮಾಡಿ. ಆಮೇಲೆ ಕಾಲ, ಗಾದೆ, ಕೊಂಡವರು. ಆಮೇಲೆ ನಿಮ್ಮ ಓದು, ಎರಡು ಗುರುತಿನ ಸಾಕ್ಷಿ ಸಮೇತ. ಪಟ್ಟಿ ಹಾಕಬೇಡಿ, ಒಂದರಿಂದ ಇನ್ನೊಂದಕ್ಕೆ ಹೋಗುವ ಹಾಗೆ ಬರೆಯಿರಿ. ಪರೀಕ್ಷೆಗೆ ಬರೆಯುವವರು ‘ಕಲಾವಿದರು ಅದ್ಭುತವಾಗಿ ಚಿತ್ರಿಸಿದ್ದಾರೆ’ ಅನ್ನುವ ಸಾಲು ಬಿಡಿ. ಏನು ಅದ್ಭುತ ಅನ್ನುವುದನ್ನು ಬರೆದರೆ ಆ ಸಾಲು ಬೇಕಾಗುವುದಿಲ್ಲ.

ಪುಟದ ಕೆಳಗೆ ತಾರೀಖು ಹಾಕಿ ಎತ್ತಿಡಿ. ಒಂದು ತಿಂಗಳು ಬಿಟ್ಟು, ಪುಟ ತೆರೆಯದೆ, ಅದೇ ಚಿತ್ರವನ್ನು ಮತ್ತೆ ಎರಡು ನಿಮಿಷ ನೋಡಿ ಹತ್ತು ವಾಕ್ಯ ಬರೆಯಿರಿ. ಆ ಆರನೇ ಕ್ಲಾಸಿನ ಹುಡುಗಿ ಹಾಗೆ ಮಾಡಿದಳು. ಮೊದಲ ಸಲ ಅವಳ ಹತ್ತು ವಾಕ್ಯದಲ್ಲಿ ಏಳು ಬೆಕ್ಕಿನ ಬಗ್ಗೆ ಇದ್ದವು. ಎರಡನೇ ಸಲ ಒಂದು ವಾಕ್ಯ ಹಾವುಮೀನಿನ ಬಗ್ಗೆ ಬಂತು: ‘ಮೀನಿಗೂ ಯಾರೂ ಕೇಳಿಲ್ಲ.’ ಅದು ಕಣ್ಣಿಗೆ ಕಂಡದ್ದಲ್ಲ, ನನ್ನ ನಿಯಮದ ಪ್ರಕಾರ ಗೀಟು ಹಾಕಬೇಕಿತ್ತು. ಹಾಕಲಿಲ್ಲ. ಅದಕ್ಕೊಂದು ಬೇರೆ ಪುಟ ಕೊಟ್ಟೆ.